ಟಾಂಗಾ ಶರ್ಯತ್ತು ಮತ್ತು ನಮ್ಮ ಗುರುಗಳ ಮಾತು

ಸೂಟಿ, ಅಂದರೆ ರಜೆ, ಬಂತೆಂದರೆ ಟಾಂಗಾ ಓಡಿಸುವ ಶರ್ಯತ್ತು, ಶರ್ಯತ್ತು ಬಂತೆಂದರೆ ಒಂದಿಲ್ಲೊಂದು ಫಜೀತಿ. ನಾನು ಗದಗ ಸ್ಟೇಷನ್ನಿನಲ್ಲಿ ಟಿಕೀಟು ಕೊಡುತ್ತಿದ್ದೆ. ಎದುರಿಗೇ ಟಾಂಗಾ ಸ್ಟ್ಯಾಂಡು, ಹೀಗಾಗಿ ಒಂದನ್ನೂ ತಪ್ಪಿಸಿಕೊಂಡಿಲ್ಲ. ಆಗ ಸ್ವಾತಂತ್ರ್ಯ ಬಂದ ಹೊಸದು. ಹಬ್ಬದ ಸೂಟಿಗಳ ಜೊತೆಗೆ ಸರಕಾರದ ಸೂಟಿಗಳೂ ಸೇರಿದ್ದವು. ಹಿಂದಿನ ದಿನವೇ ಕುದುರೆಗಳನ್ನು ನೋಡಿ ‘ಇದೇ ಗೆಲ್ಲತೈತಿ’ ಎಂದು ಹೇಳುವವರು ನಮ್ಮೂರ ಶಾಲೆಯ ಸಂಸ್ಕೃತ ಗುರುಗಳು. ಪೂಜೆಯ ಮನೆತನ, ಹಣೆಗೆ ಗಂಧ, ಕುದುರೆ ಎಂದರೆ ಪ್ರಾಣ. ಅವರ ಮಾತು ಸುಳ್ಳಾದದ್ದನ್ನು ನಾನಂತೂ ಕಂಡಿಲ್ಲ.

ಹೊಟ್ಟೆ

ಮುಳಗುಂದದ ಟಾಂಗಾದವನೊಬ್ಬ ಕುದುರೆಯನ್ನು ತಿಕ್ಕಿ ತೊಳೆದು ಮಿರಮಿರ ಮಿಂಚಿಸಿ ತಂದಿದ್ದ. ಗುರುಗಳು ಅದನ್ನು ಒಮ್ಮೆ ನೋಡಿ, ಆಮೇಲೆ ಅವನ ಡೊಳ್ಳುಹೊಟ್ಟೆಯನ್ನೇ ನೋಡುತ್ತ ನಿಂತರು.

“ಕುದುರಿ ಅಲ್ಲೈತ್ರಿ ಗುರುಗಳ, ನನ್ನ ಯಾಕ ನೋಡಾಕ ಹತ್ತೀರಿ?”

“ಅದು ಎಳೀಬೇಕಾದದ್ದನ್ನ ನೋಡಾಕ ಹತ್ತೇನೋ ತಮ್ಮಾ.”

ಸಂಸ್ಥಾನದ ಕುದುರೆ

ಲಕ್ಷ್ಮೇಶ್ವರದಲ್ಲಿ ಸಂಸ್ಥಾನ ಹೋಗಿ ಸ್ವಲ್ಪ ದಿನವಾಗಿತ್ತು. ಅಲ್ಲಿಂದ ಬಂದವನು, “ಅರಸರ ಮೆರವಣಿಗ್ಯಾಗ ನಡದ ಕುದುರಿ ಐತ್ರಿ ಇದು!” ಎಂದ. “ಹಂಗಾರ ಓಡೂದಿಲ್ಲ” ಎಂದರು ಗುರುಗಳು.

ಮರುದಿನ ಬ್ಯಾಂಡು ಬಾರಿಸಿದ ಕೂಡಲೇ ಉಳಿದವೆಲ್ಲ ಧೂಳೆಬ್ಬಿಸಿ ಓಡಿದವು. ಇದು ಕತ್ತೆತ್ತಿ ಬ್ಯಾಂಡಿನ ಮುಂದೆ ಕುಣಿಯತೊಡಗಿತು. ಅವನಿಗೋ ಆಗಲೂ ಅಭಿಮಾನ. “ಏನ್ ಹೆಜ್ಜಿ ಹಾಕ್ತೈತಿ ನೋಡ್ರಿ ಗುರುಗಳ!”

“ಹೌದಪಾ, ಎಲ್ಲಾ ಒಂದ ಜಾಗಾದಾಗ.”

ಕನ್ನಡನಾಡು ಒಂದಾದ ಸೂಟಿ

ಆ ಸಲ ಮುಂಡರಗಿಯ ಎಳೆಯ ಕುದುರೆಯೇ ಗೆಲ್ಲುತ್ತದೆಂದು ಊರೆಲ್ಲ ಮಾತು. ಗುರುಗಳು ಮಾತ್ರ ಬೆಟಗೇರಿಯಿಂದ ಟಾಂಗಾ ಹೊಡೆಯುವ ಸಾಹೇಬರ ಮುದಿ ಬಿಳಿ ಕುದುರೆಯ ಬೆನ್ನು ತಟ್ಟಿದರು. ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ಗುರುಗಳಿಗೆ ಸಿಟ್ಟು ಬಂತು. “ಇದು ಗೆಲ್ಲಲಿಲ್ಲಂದ್ರ ಇನ್ನ ಮುಂದ ಕುದುರಿ ಬಗ್ಗೆ ನಾ ಬಾಯಿ ತೆರಿಯೂದಿಲ್ಲ!”

ನನಗೆ ದಿಗಿಲಾಯಿತು. ಗುರುಗಳು ಬಾಯಿ ಮುಚ್ಚಿದರೆ ನಮ್ಮ ಸೂಟಿಗಳಿಗೆ ರುಚಿ ಎಲ್ಲಿಯದು?

ಶರ್ಯತ್ತು ಶುರುವಾಯಿತು. ಕೊನೆಯ ತಿರುವಿನಲ್ಲಿ ನೋಡುತ್ತೇನೆ, ಬಿಳಿ ಕುದುರೆಯೇ ಮುಂದೆ! ಗುರುಗಳು ಮೈಮರೆತು ಛತ್ರಿ ಎತ್ತಿ, “ಬಾ! ಬಾ!” ಎಂದು ಕೂಗಿದರು.

ಕುದುರೆ ಬಂತು, ಅವರ ಮುಂದೆ ಗಕ್ಕನೆ ನಿಂತಿತು. ದಿನಾ ಅವರನ್ನು ಶಾಲೆಗೆ ಒಯ್ಯುವ ಟಾಂಗಾ ಅದು. ಛತ್ರಿ ಕಂಡರೆ ನಿಲ್ಲುವುದು ಅದರ ರೂಢಿ. ಗೆಲುವಿನ ಗೆರೆ ಎದುರಿಗೇ ಇತ್ತು. ಸಾಹೇಬರು ಲಗಾಮು ಝಾಡಿಸಿದರು, ಕೈಮುಗಿದರು, ಅದು ಕದಲಲಿಲ್ಲ. ಹಿಂದೆ ಮುಂಡರಗಿಯ ಕುದುರೆಯ ಸಪ್ಪಳ ಹತ್ತಿರವಾಗುತ್ತಿತ್ತು.

“ಜಲ್ದಿ ಹತ್ರಿ ಗುರುಗಳ! ನೀವು ಹತ್ತದ ಇದು ಹೋಗೂದಿಲ್ಲ!”

ಗುರುಗಳು ಕಚ್ಚೆ ಎತ್ತಿ ಹಿಡಿದು ಹತ್ತಿದ್ದೇ ತಡ, ಮುದಿ ಕುದುರೆ ಕಿತ್ತುಕೊಂಡು ಓಡಿ ಗೆರೆ ದಾಟಿತು. “ಪ್ಯಾಸೆಂಜರ್ ಹತ್ತಿಸ್ಕೊಂಡಾರ!” ಎಂದು ಮುಂಡರಗಿಯವರು ತಕರಾರು ತೆಗೆದರು. “ಭಾರ ಹೆಚ್ಚಾತೇ ಹೊರತು ಕಡಿಮಿ ಆಗಲಿಲ್ಲಲ್ಲ” ಎಂದು ಪಂಚರು ಅದನ್ನೇ ಗೆಲ್ಲಿಸಿದರು. ಖುಷಿಗೆ ನನ್ನ ಕಣ್ಣು ತುಂಬಿ ಬಂದವು.

“ಸಾಹೇಬ್ರ, ಗುರುಗಳು ಹತ್ತಿದ ಕೂಡ್ಲೇ ಅದು ಹಂಗ್ಯಾಕ ಓಡಿತ್ರಿ?” ಎಂದು ಕೇಳಿದೆ.

ಸಾಹೇಬರು ಬೆವರು ಒರೆಸಿಕೊಂಡರು. “ದಿನಾ ಸಾಲಿ ಗಂಟಿ ಹೊಡದ ಮ್ಯಾಲ ಹತ್ತತಾರ್ರಿ ಇವರು. ಇವತ್ತ ಸೂಟಿ ಐತಿ ಅಂತ ಅದಕ್ಕ ಹೇಳೂದ ಮರ್ತಿದ್ದೆ!”