ನೊಣದ ಸಾವು ಖಚಿತವಾಗುವವರೆಗೆ

ಸಾವಿನ ಸುದ್ದಿಯಲ್ಲಿ ಅವಸರ ಸಲ್ಲದೆಂದು ನಾನು ಕಲಿತದ್ದು ಬದುಕಿದ್ದ ಒಬ್ಬರಿಂದ. ಪತ್ರಿಕೆಯೊಂದಕ್ಕೆ ಪುಣೆಯ ವರದಿಗಾರನಾಗಿದ್ದಾಗ, ಹಡಪಸರದ ಹೋಟೆಲ್ ಮಾಲೀಕ ರಾಮಣ್ಣನವರು ತೀರಿಕೊಂಡರೆಂದು ಒಂದೇ ಫೋನ್ ಕರೆ ನಂಬಿ ಬರೆದುಬಿಟ್ಟೆ. ಮರುದಿನ ಅವರು ಗಲ್ಲಾದಲ್ಲಿ ಕುಳಿತು ಅದನ್ನೇ ಓದುತ್ತಿದ್ದರು. ಇಂದಿಗೂ ನನ್ನನ್ನು ಕಂಡರೆ, "ಬನ್ನಿ ಮಾರಾಯ್ರೇ, ಸತ್ತವನ ಕೈಯ ಚಾ ಕುಡಿದು ಹೋಗಿ" ಎನ್ನುತ್ತಾರೆ. ಅಂದಿನಿಂದ ಇಬ್ಬರು ಹೇಳದೆ ನಾನು ಯಾರ ಸಾವನ್ನೂ ಬರೆದವನಲ್ಲ.

ಈ ಶಿಸ್ತಿಗೆ ಬೆಲೆ ತೆತ್ತವಳು ನನ್ನ ಹೆಂಡತಿ ಶಾರದೆ. ಕಲಬುರಗಿಯವಳು, ಇಲ್ಲಿನ ಪ್ರಯೋಗಾಲಯವೊಂದರಲ್ಲಿ ಹಣ್ಣುನೊಣಗಳಿಗೆ ರೋಗ ತಗುಲಿಸುವುದು ಅವಳ ಕೆಲಸ. ಬ್ಯಾಕ್ಟೀರಿಯಾದಲ್ಲಿ ಅದ್ದಿದ ಸೂಜಿಯಿಂದ ಚುಚ್ಚುತ್ತಾಳೆ, ಬದುಕಿ ಉಳಿದವುಗಳಿಂದ ಮುಂದಿನ ಪೀಳಿಗೆ ಬೆಳೆಸುತ್ತಾಳೆ, ಅವನ್ನೂ ಚುಚ್ಚುತ್ತಾಳೆ. ಎರಡು ವರ್ಷಗಳಿಂದ ಅವಳದು ಒಂದೇ ಪ್ರಶ್ನೆ: ನೊಣದ ಮೈಯ ರಕ್ಷಣೆ ಬಲವಾಯಿತೇ, ರೋಗಾಣುವಿನ ಕೈಯೇ ಇನ್ನೂ ಮೇಲೇ? ಉತ್ತರ ಸಿಗಬೇಕಿದ್ದ ವಾರವೇ ವಾಕಡದ ಬಸ್ ನಿಲ್ದಾಣದಲ್ಲಿ ಜಾರಿ ಕೈ ಮುರಿದುಕೊಂಡಳು. ಚುಚ್ಚುವುದನ್ನು ಸಹೋದ್ಯೋಗಿಯೊಬ್ಬಳು ಮುಗಿಸಿಕೊಟ್ಟು ಮನೆಗೆ ಹೋದಳು. ಶಾರದೆ ಎಕ್ಸ್-ರೇಗೆ ಹೋಗಿಬರುವ ತನಕ ಪ್ರಯೋಗಾಲಯದಲ್ಲಿ ಕುಳಿತು ಗಂಟೆಗೊಮ್ಮೆ ಸತ್ತವನ್ನು ಬರೆದಿಡಲು ನಾನು ಸಿಕ್ಕೆ.

"ಸೀಸೆ ಮೂರು ಸಲ ತಟ್ಟ್ರಿ. ಕಾಲು ಅಲಗಲಿಲ್ಲಂದ್ರ ಸತ್ತದ ಅಂತ ಬರೀರಿ. ಭಾಳ ವಿಚಾರ ಮಾಡಬ್ಯಾಡ್ರಿ," ಎಂದು ಹೇಳಿ ಹೋದಳು.

ತಟ್ಟಿದೆ. ಒಂದು ನೊಣ ಅಂಗಾತ ಬಿದ್ದಿತ್ತು. ಕಾಲು ಅಲುಗಿದಂತೆ ಕಂಡಿತು. ಕನ್ನಡಕ ಒರೆಸಿ ನೋಡಿದರೆ ಇಲ್ಲ. ಕೇಳೋಣವೆಂದರೆ ಇನ್ನೊಬ್ಬ ಸಾಕ್ಷಿಯಿಲ್ಲ. 'ಜೀವಂತ' ಎಂದು ಬರೆದೆ. ಸಂಜೆಯವರೆಗೂ ಇದೇ ನಡೆಯಿತು. ಸೀಸೆಯಲ್ಲಿದ್ದ ಇಪ್ಪತ್ತರಲ್ಲಿ ಒಂದನ್ನೂ ನಾನು ಸಾಯಗೊಡಲಿಲ್ಲ.

ಬಂದವಳು ಮೊದಲು ನೋಡಿದ್ದು ನಾನು ಬರೆದಿಟ್ಟ ಪುಸ್ತಕ. ಅವಳ ಕಣ್ಣು ತುಂಬಿತು. "ರೀ, ಗೆದ್ದಾವ್ರೀ ಇವು!" ಎಂದು ಎಡಗೈಯಲ್ಲಿ ಸೀಸೆ ಎತ್ತಿ ಬೆಳಕಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ಮೂರು ನೊಣ ಗಾಜು ಹತ್ತುತ್ತಿದ್ದವು. ಹದಿನೇಳು ತಳದಲ್ಲಿದ್ದವು.

"ಇವು ಯಾವಾಗ ಸತ್ತುವು?"

"ಖಚಿತವಾಗಿರಲಿಲ್ಲ."

"ಖಚಿತ ಮಾಡ್ಲಿಕ್ಕೆ ನೊಣದ ಮನಿಗೆ ಫೋನ್ ಹಚ್ಚಬೇಕಿತ್ತೇನು?"

ನಾನು ನಗಲು ಹೋದೆ, ಅವಳು ನಗಲಿಲ್ಲ. "ಎಷ್ಟು ಸತ್ತುವು ಅನ್ನೋದು ಈಗೂ ಎಣಿಸಬಹುದು. ಎಷ್ಟು ಹೊತ್ತು ತಡಕೊಂಡುವು ಅನ್ನೋದು ಬೇಕಿತ್ತು ನನಗ. ಇನ್ನ ಮತ್ತೊಂದು ಪೀಳಿಗಿ ಬೆಳಸಬೇಕು," ಎಂದು ಪೆನ್ನನ್ನು ನನ್ನ ಮುಂದಿಟ್ಟಳು.

ಪತ್ರಿಕೆಯಲ್ಲಿ ನಮ್ಮ ತಪ್ಪುಗಳು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರಗಳಲ್ಲಿ ಮುಗಿಯುತ್ತಿದ್ದವು. ಇಲ್ಲಿ ಒಂದೊಂದು ಸಾವಿನ ಮುಂದೆಯೂ ವೇಳೆಯ ಖಾನೆ ಖಾಲಿಯಿತ್ತು. ಹದಿನೇಳು ಬಾರಿ ಒಂದನ್ನೇ ಬರೆದೆ: ತಿಳಿಯದು. ವರದಿಗಾರ ಸ್ಥಳದಲ್ಲೇ ಇದ್ದ.