ಕೇಳದೆ ಕೂರದ ಮಾವ ಮತ್ತು ಕಂಪನಿಯ ಮೆಸೇಜು

ಕೇಳದೆ ಒಂದು ಹುಲ್ಲುಕಡ್ಡಿಯನ್ನೂ ಎತ್ತದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬನಿದ್ದಾನೆ. ನನ್ನ ಗ್ರಹಚಾರ ನೋಡಿ, ಅವನು ನನ್ನ ಸೋದರಮಾವ!

ಈ ಮಾವ ಒಮ್ಮೆ ಮಾನವಿಯಿಂದ ರಾಯಚೂರಿನವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದ. ಬಸ್ಸು ತುಂಬಿತ್ತೇ? ಎಲ್ಲಿಯ ಮಾತು! ಕಣ್ಣೆದುರಿಗೇ ಸೀಟು ಖಾಲಿ ಇತ್ತು. ಆದರೆ ಅದರ ಪಕ್ಕದ ಕಿಟಕಿ ಸೀಟಿನವನು ಗೊರಕೆ ಹೊಡೆಯುತ್ತಿದ್ದ. "ಇಲ್ಲಿ ಕುಂದ್ರಲೇನ್ರಿ?" ಎಂದು ಮಾವ ಕೇಳಿದ. ಗೊರಕೆಯನ್ನು ಒಪ್ಪಿಗೆ ಎಂದು ತಿಳಿಯಲಾದೀತೇ? "ಸೀಟು ಖಾಲಿ ಅದಲ್ರೀ, ಕುಂದ್ರಿ" ಎಂದು ಕಂಡಕ್ಟರ್ ಗದರಿದರೂ "ತಡೀರಿ, ಅವರು ಏಳ್ಲಿ" ಎಂದು ಕಂಬ ಹಿಡಿದು ನಿಂತ. ರಾಯಚೂರು ಹತ್ತಿರವಾದಾಗ ಆ ಪುಣ್ಯಾತ್ಮ ಕಣ್ಣು ಬಿಟ್ಟು, "ಯಾಕ್ರೀ ನಿಂತೀರಿ? ಕುಂದ್ರಬಾರದೇನು?" ಎಂದ. ಮಾವ ಸಂತೋಷದಿಂದ ಕೂತ. ಅಷ್ಟರಲ್ಲಿ ಬಸ್ ಸ್ಟ್ಯಾಂಡ್ ಬಂದೇಬಿಟ್ಟಿತು.

ಅವನ ಮದುವೆಯ ಕಥೆ ಇದಕ್ಕಿಂತ ಚೆಂದ. ಎಲ್ಲರ ಮುಷ್ಟಿಯಲ್ಲೂ ಅಕ್ಕಿಕಾಳು, ಬಾಜಾದವರು ಉಸಿರು ತುಂಬಿಕೊಂಡು ಸಿದ್ಧ. ಮಾವ ಮಾತ್ರ ತಾಳಿ ಹಿಡಿದ ಕೈ ಇಳಿಸಿ, "ಈಕಿನ್ನ ಯಾರರ ಕೇಳೀರೇನು?" ಎಂದನಂತೆ. ಅಜ್ಜ ಹಲ್ಲು ಕಡಿದ. ಕೊನೆಗೆ ಮದುಮಗಳೇ ತಲೆಯೆತ್ತಿ, "ಮುಂಜಾನಿಂದ ಉಪಾಸ ಕುಂತೀನಿ, ಲಗೂನ ಕಟ್ಟು ಅನ್ರಿ" ಎಂದಳು. "ಇದನ್ನ ಒಪ್ಪಿಗಿ ಅಂತ ತಿಳಕೊಳ್ಳೇನು?" ಎಂದು ಮಾವ ಮತ್ತೆ ಕೇಳಿದನಂತೆ! ಆ ಪ್ರಶ್ನೆಗೆ ಅತ್ತೆ ಇನ್ನೂ ಉತ್ತರ ಕೊಟ್ಟಿಲ್ಲ. ಮಕ್ಕಳು ಮಾತ್ರ ಕಾಲೇಜಿಗೆ ಹೋಗುತ್ತಿದ್ದಾರೆ.

ಇಂಥವನ ಸೊಸೆಯಾದ ನನಗೆ ಎಂಥ ನೌಕರಿ ಸಿಗಬೇಕು ಹೇಳಿ? ಒಪ್ಪಿಗೆ ಕೇಳುವ ನೌಕರಿಯೇ ಸಿಕ್ಕಿತು! ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಂಪನಿಯೊಂದರ ರಾಯಚೂರು ಆಫೀಸಿಗೆ ನಾನು ಆಗಷ್ಟೇ ಸೇರಿದ್ದೆ. ಮಾನವಿಯಲ್ಲೊಂದು, ದೇವದುರ್ಗದಲ್ಲೊಂದು ಮಿಲ್ಲು. ಹತ್ತಿಯ ಲೋಡ್ ಬಾರದ ದಿನ ಕೆಲಸದವರು ಬುತ್ತಿ ಕಟ್ಟಿಕೊಂಡು ಗೇಟಿನವರೆಗೆ ನಡೆದು ಬಂದು, ಬುತ್ತಿಯ ಸಮೇತ ವಾಪಸು ನಡೆಯುತ್ತಿದ್ದರು. ಅದಕ್ಕೆ ಮ್ಯಾನೇಜರು ಹಿಂದಿನ ದಿನವೇ ಎಲ್ಲರ ಫೋನಿಗೆ ಮೆಸೇಜ್ ಕಳಿಸುವ ಏರ್ಪಾಡು ಮಾಡಿದರು.

"ಆದರೆ ಕೇಳದೆ ಯಾರಿಗೂ ಕಳಿಸೋ ಹಾಗಿಲ್ಲ. ಒಬ್ಬೊಬ್ಬರೂ ತಾವಾಗಿ ಒಪ್ಪಬೇಕು. ಬೇಡ ಅಂದವರಿಗೆ ಬಲವಂತ ಬೇಡ. ಈ ಕೆಲಸ ಚೊಕ್ಕ ಆಗಲಿ, ನಿನ್ನ ನೌಕರಿ ಕಾಯಂ ಮಾಡೋಣ. ಇಲ್ಲ ಅಂದರೆ ಸೀಜನ್ ಮುಗಿದ ಮೇಲೆ ನೋಡೋಣ" ಎಂದರು. ನೌಕರಿಯಲ್ಲಿ 'ನೋಡೋಣ' ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕೇ?

ಮಾನವಿಯಲ್ಲಿ ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ನಾನು ಬಾಯಿ ತೆರೆಯುವ ಮೊದಲೇ ಎಲ್ಲರೂ "ಹೂಂ" ಎಂದರು. ಒಬ್ಬ ಹಮಾಲ ಅಂತೂ, "ಯಾತಕ್ಕ ಹೂಂ ಅಂದ್ವಿ ಅಂತ ಆಮ್ಯಾಲೆ ಹೇಳ್ರಿ ಮೇಡಂ, ಈಗ ಲಾರಿ ನಿಂತದ" ಎಂದ.

ದೇವದುರ್ಗದ ಮಿಲ್ಲಿನಲ್ಲಿ ಹತ್ತಿ ಆರಿಸುವ ಹೆಂಗಸರ ಮೇಸ್ತ್ರಿ ಯಾರು ಗೊತ್ತೇ? ನಮ್ಮ ಮಾವ! ಮಾನವಿಯ ಸುದ್ದಿ ಕೇಳಿ ಅವನಿಗೆ ಕೆಂಡದಂಥ ಕೋಪ ಬಂತು.

"ಅದು ಒಪ್ಪಿಗಿ ಅಲ್ಲ ಬೇ, ಪೀಡಾ ಕಳಕೊಳ್ಳೋದು! ಇಲ್ಲಿ ಹಂಗ ನಡಿಯಂಗಿಲ್ಲ. ಎಲಿ-ಅಡಿಕಿ ತಂದೀಯೇನು?"

"ಮೆಸೇಜಿಗೆ ಎಲಿ-ಅಡಿಕಿ ಯಾಕ ಮಾವ?"

"ಮಂದೀನ್ನ ಕೇಳಾಕ ಬರಿಗೈಲೆ ಬರ್ತಾರೇನು? ನಾಳಿ ಬಾ."

ಮರುದಿನ ಎಲೆ-ಅಡಿಕೆ ಹಿಡಿದು ಹೋದೆ. ಇದರ ಖರ್ಚನ್ನು ಯಾವ ಖಾತೆಗೆ ಹಾಕುವುದೆಂದು ನಮ್ಮ ಅಕೌಂಟೆಂಟ್ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಮಾವ ಬೇವಿನ ಮರದ ಕೆಳಗೆ ಎಲ್ಲರನ್ನೂ ಕೂರಿಸಿ, "ಹೂಂ ಅನ್ನೋದಕ್ಕಿಂತ ಮೊದಲ ಏನ ಕೇಳಬೇಕೋ ಕೇಳ್ರಿ" ಎಂದು ಅಪ್ಪಣೆ ಮಾಡಿದ. ಕೇಳಿದರು ನೋಡಿ!

"ಹಬ್ಬದ ದಿನಾನೂ ಬರ್ತದೇನ್ರೀ?"

"ಮೆಸೇಜಿನ್ಯಾಗ ಬೈಯ್ತಾರೇನು? ಬೈಯೋದಿದ್ರ ಎದುರಿಗೆ ಬರಂತ ಹೇಳ್ರಿ. ನಾವೂ ನಾಕು ಬೈತೀವಿ."

"ಇವತ್ತ ಹೂಂ ಅಂದು ಮುಂದಿನ ತಿಂಗಳ ಬ್ಯಾಡ ಅನ್ನಾಕ ಬರ್ತದೇನು?"

"ಬರ್ತದ! ಯಾವಾಗ ಬೇಕಾದ್ರೂ ಅನಬಹುದು" ಎಂದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಅತ್ತೆ ನಿಟ್ಟುಸಿರು ಬಿಟ್ಟು, "ನನ್ನ ಲಗ್ನದಾಗ ಈ ಸವಲತ್ತು ಇದ್ದಿಲ್ಲ ನೋಡವ್ವಾ" ಎಂದಳು. ಬೇವಿನ ಮರದ ಕಾಗೆಗಳೂ ಹಾರಿಹೋಗುವಂತೆ ಹೆಂಗಸರು ನಕ್ಕರು. ಮಾವನೂ ನಕ್ಕ, ಆದರೆ ಸ್ವಲ್ಪ ತಡವಾಗಿ. ಒಬ್ಬೊಬ್ಬರೇ ಬಂದು ಎಲೆ ಹಿಡಿದು ಒಪ್ಪಿದರು. ಗೇಟಿನ ಗುಮಾಸ್ತನ ಬಳಿ ಫೋನ್ ನಂಬರ್ ಬರೆಸಿದರು. ನಮ್ಮ ಅವ್ವನೂ ಅಲ್ಲಿಯೇ ಹತ್ತಿ ಆರಿಸುತ್ತಾಳೆ. ಆ ದಿನ ಅವಳು ಶಕ್ತಿನಗರದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದಳು.

ಮೊದಲ ಮೆಸೇಜನ್ನು ನಾನೇ ಬರೆದೆ. 'ಶ್ರೀಮತಿ' ಎಂದು ಶುರುಮಾಡಿ, ಅವರವರ ಹೆಸರು ಸೇರಿಸಿ, "ನಾಳೆ ಹತ್ತಿ ಲೋಡ್ ಬರುವುದಿಲ್ಲ, ಕೆಲಸ ಇರುವುದಿಲ್ಲ" ಎಂದು ಕಳಿಸಿದೆ. ಎಲ್ಲವೂ ತಲುಪಿದವೆಂದು ಕಂಪ್ಯೂಟರ್ ಹೇಳಿತು. ನಾನು ಕುರ್ಚಿಯಲ್ಲಿ ಒಂದು ಗೇಣು ಉಬ್ಬಿದೆ. ಆಗ ಮಾವನ ಫೋನ್ ಬಂತು.

"ಸೊಸೀ, ನಿನ್ನ ಕಂಪನಿಗೆ ಹುಚ್ಚು ಹಿಡದದೇನು? ಫೋನು ಒದರಾಕತ್ತದ, ನಿಲ್ಲವಲ್ದು! ಒಂದ ಮಾತು ಎಷ್ಟು ಸಲ ಹೇಳ್ತೀರಿ?"

ಆಗಿದ್ದೇನು ಗೊತ್ತೇ? ದೇವದುರ್ಗದ ಅಷ್ಟೂ ಹೆಂಗಸರು ಮಾವನ ನಂಬರನ್ನೇ ಬರೆಸಿದ್ದರು! "ಮನ್ಯಾಗಿನ ಫೋನು ಗಂಡನ ಕಿಸೇದಾಗ ಇರ್ತದ, ಗಂಡ ಯಾವ ಊರಾಗ ಇರ್ತಾನೋ ಯಾರಿಗೆ ಗೊತ್ತು? ಮೇಸ್ತ್ರಿ ಎಲ್ಲೂ ಹೋಗಂಗಿಲ್ಲ" ಎಂಬುದು ಅವರ ಲೆಕ್ಕ.

"ನೀ ಹೆಂಗ ಸುಮ್ಮನಿದ್ದಿ ಮಾವ?"

"ಒಬ್ಬೊಬ್ಬಾಕೀನೂ ಬಂದು 'ಅಣ್ಣಾ, ನಿನ್ನ ನಂಬರ ಬರಸ್ಲೇನು' ಅಂತ ಕೇಳಿದ್ಲು. ಕೇಳಿದ ಮ್ಯಾಲೆ ಹೂಂ ಅನ್ನದ ಇರಾಕ ಆಗ್ತದೇನು?"

ಮ್ಯಾನೇಜರ ಮುಖ ಹುಣಸೆಹಣ್ಣು ತಿಂದಂತಾಯಿತು. "ಒಬ್ಬರ ಮೆಸೇಜು ಇನ್ನೊಬ್ಬರ ಫೋನಿಗೆ! ಅವರೆಲ್ಲ ಇದಕ್ಕೆ ಒಪ್ಪಿದ್ದಾರೋ ಇಲ್ಲವೋ, ಒಬ್ಬೊಬ್ಬರನ್ನೂ ನೀನೇ ಕೇಳಿ ನಾಳೆ ಮಧ್ಯಾಹ್ನದೊಳಗೆ ನನಗೆ ತಿಳಿಸು. ಒಬ್ಬರನ್ನು ಕೇಳದೆ ಬಿಟ್ಟರೂ ಇಡೀ ಏರ್ಪಾಡು ರದ್ದು" ಎಂದರು. ಏರ್ಪಾಡಿನ ಬಾಲಕ್ಕೆ ನನ್ನ ನೌಕರಿ ಕಟ್ಟಿದೆಯೆಂದು ಅವರು ಹೇಳಲಿಲ್ಲ, ನಾನೇ ತಿಳಿದುಕೊಂಡೆ. ಸಿಕ್ಕ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ.

ಮಾವ ಮನೆಯಲ್ಲಿರಲಿಲ್ಲ. ಓಣಿಯ ತುದಿಯಲ್ಲಿ ಯಾರದೋ ಬಾಗಿಲ ಮುಂದೆ ಫೋನ್ ಹಿಡಿದು ನಿಂತಿದ್ದ.

"ತಂಗೀ, ನಿನ್ನ ಮೆಸೇಜ್ ಬಂದದ. ಓದ್ಲೇನು?"

ಆಕೆ ಕೈ ಒರೆಸಿಕೊಂಡು ಬಂದು "ಓದಣ್ಣ" ಎಂದ ಮೇಲೆಯೇ 'ಶ್ರೀಮತಿ' ಎಂದು ಗಂಟಲು ಸರಿಮಾಡಿಕೊಂಡು ಓದಿದ. ಪಕ್ಕದ ಮನೆಯಾಕೆ ಕಟ್ಟೆಯ ಮೇಲೆಯೇ ಕೂತಿದ್ದಳು.

"ನನಗೂ ಕೇಳಿಸ್ತು ಬಿಡಣ್ಣ, ನಾಳಿ ಕೆಲಸ ಇಲ್ಲಂತ."

"ಅದು ಆಕಿದು. ನಿಂದು ಬ್ಯಾರೆ ಅದ. ಓದ್ಲೇನು?"

ನಾನೂ ಅವನ ಬೆನ್ನು ಹತ್ತಿದೆ. ಅವನು ಓದುತ್ತಿದ್ದ, ನಾನು "ನಿಮ್ಮ ಮೆಸೇಜು ಮೇಸ್ತ್ರಿ ಫೋನಿಗೆ ಬಂದ್ರ ಒಪ್ಪಿಗಿ ಅದ ಏನ್ರಿ?" ಎಂದು ಕೇಳುತ್ತಿದ್ದೆ. ಒಂದು ಮನೆಯಲ್ಲಿ ಚುರಮುರಿ, ಒಂದು ಮನೆಯಲ್ಲಿ ಚಹಾ, ಒಂದು ಮನೆಯಲ್ಲಿ "ಒಪ್ಪಿಗಿ ಇಲ್ಲದ ನಂಬರ ಬರಸ್ತೀವೇನು?" ಎಂಬ ಬೈಗುಳ. ಇಬ್ಬರು ಮಾತ್ರ "ಇನ್ನ ಮ್ಯಾಲೆ ನನ್ನ ಫೋನು ನನ್ನ ಹತ್ರಾನ ಇರ್ತದ" ಎಂದು ಗಂಡಂದಿರ ಕಿಸೆಯಿಂದ ಅಲ್ಲೇ ಫೋನು ಕಿತ್ತುಕೊಂಡರು. ಗಂಡಂದಿರ ಒಪ್ಪಿಗೆಯನ್ನು ಅವರು ಕೇಳಿದಂತೆ ಕಾಣಲಿಲ್ಲ.

ಸಂಜೆಯ ಹೊತ್ತಿಗೆ ನಮ್ಮ ಮನೆಯೊಂದೇ ಉಳಿಯಿತು. ಅವ್ವ ಶಕ್ತಿನಗರದಿಂದ ಬಂದು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಾವ ಹೊಸ್ತಿಲ ಹೊರಗೇ ನಿಂತು ಫೋನನ್ನು ಕಿಸೆಗೆ ಹಾಕಿಕೊಂಡ.

"ಯಾಕ ಮಾವ, ಅವ್ವಂದು ಓದಂಗಿಲ್ಲೇನು?"

"ಹೆಂಗ ಓದ್ಲಿ? ಆಕಿ ಅವತ್ತ ಇದ್ದಿಲ್ಲ. ಆಕಿನ್ನ ಕೇಳಿದಾರು ಯಾರು?"

"ಅವ್ವನ ಹೆಸರಿಗೆ ನಿನ್ನ ನಂಬರ ನಾನ ಬರಸೀನಿ" ಎಂದು ನಕ್ಕೆ. "ನಮ್ಮವ್ವ ಅಲ್ಲೇನು? ಆಕಿನ್ನೇನು ಕೇಳೋದು?"

ಮಾವ ನಗಲಿಲ್ಲ. ನಾನು ಹುಟ್ಟಿದಾಗಿನಿಂದ ಅವನ ಮುಖ ಹಾಗೆ ಆದದ್ದನ್ನು ನೋಡಿರಲಿಲ್ಲ.

"ಆಕಿನ್ನ ಲಗ್ನ ಮಾಡಿ ಕೊಡೋ ಮುಂದನೂ ಎಲ್ಲಾರೂ ಇದ ಮಾತು ಅಂದಿದ್ರು. 'ನಮ್ಮ ಹುಡುಗಿ ಅಲ್ಲೇನು, ಆಕಿನ್ನೇನು ಕೇಳೋದು' ಅಂತ. ನಿಮ್ಮಪ್ಪ ಚಲೋ ಮನಶ್ಯಾನ, ಅದರ ಮಾತಲ್ಲ. ಆಕಿ ಬಾಗಿಲ ಹಿಂದ ನಿಂತು ನನ್ನ ಕಡೆ ನೋಡಾಕತ್ತಿದ್ಲು, ಒಬ್ಬರಾದ್ರೂ ಕೇಳ್ತಾರೇನು ಅಂತ. ನಾ ಕೇಳಲಿಲ್ಲ ಯವ್ವಾ. ಮಂದಿಗೆ ಸಕ್ಕರಿ ಹಂಚಾಕ ಹ್ವಾದೆ."

ಇಷ್ಟು ವರ್ಷ ಬಸ್ಸಿನ ಕಥೆ ಹೇಳಿ ನಕ್ಕವರಲ್ಲಿ ನಾನೇ ಮುಂದಿನವಳು. ಈಗ ಕಣ್ಣು ತುಂಬಿ ಬಂತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಒಲೆಯ ಪಕ್ಕ ಕೂತೆ.

"ಅವ್ವಾ, ಕಂಪನಿಯಿಂದ ನಿನಗ ಮೆಸೇಜ್ ಕಳಿಸ್ತಾರ. ಮಾವನ ಫೋನಿಗೆ ಬರ್ತದ. ಬ್ಯಾಡ ಅಂದ್ರ ಬ್ಯಾಡ. ನಿನಗ ಒಪ್ಪಿಗಿ ಅದ ಏನು?"

ಅವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು. ನನ್ನನ್ನು ನೋಡಿದಳು, ಬಾಗಿಲಲ್ಲಿದ್ದ ತಮ್ಮನನ್ನು ನೋಡಿದಳು.

"ನನ್ನ ಕೇಳಾಕತ್ತೀರೇನು?"

"ಹೂಂ ಅಕ್ಕಾ, ನಿನ್ನನ್ನ" ಎಂದ ಮಾವ.

ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಮುಖದ ಮೇಲೆ ಒಂದು ನಗು ಮೆಲ್ಲಗೆ ಅರಳಿತು.

"ತಡೀರಿ ಹಂಗಾದ್ರ. ವಿಚಾರ ಮಾಡಿ ಹೇಳ್ತೀನಿ."

"ಅವ್ವಾ, ನನ್ನ ನೌಕರಿ!" ಎನ್ನುವುದರೊಳಗೆ ಮಾವ ನನ್ನ ಭುಜ ಹಿಡಿದು ಹೊರಗೆ ಕಟ್ಟೆಗೆ ಕರೆತಂದ. ಅವನ ಕಣ್ಣಲ್ಲಿ ನೀರಿತ್ತು, ಬಾಯಿ ತುಂಬ ನಗೆಯಿತ್ತು.

"ಮಾಡ್ಲಿ ಬಿಡು. ಅವಸರ ಮಾಡಬ್ಯಾಡ ಆಕಿಗೆ."

ಒಳಗೆ ಅವ್ವ ಸೋಬಾನೆ ಪದ ಗುನುಗುತ್ತ, ಯಾವ ಗಡಿಬಿಡಿಯೂ ಇಲ್ಲದೆ ಮುಂದಿನ ರೊಟ್ಟಿ ಬಡಿಯತೊಡಗಿದಳು.