ಮೇಜಿನ ಮೇಲೆ ಬಾರ್ಸಿಲೋನಾ

"ಒಂದೇ ವಾರ! ಸ್ಪೇನಿನ ಫುಟ್‌ಬಾಲನ್ನು ಅರೆದು ಕುಡಿಯದಿದ್ದರೆ ನನ್ನ ಹೆಸರು ಕೊಗ್ಗನೇ ಅಲ್ಲ!"

"ಮೊದಲು ಅಂಗಡಿಯಿಂದ ಉಪ್ಪು ತನ್ನಿ. ಸ್ಪೇನ್ ಆಮೇಲೆ ಕುಡಿಯುವಿರಂತೆ," ಎಂದಳು ಹೆಂಡತಿ ದಮಯಂತಿ.

ಕೊಗ್ಗನ ಆವೇಶಕ್ಕೆ ಕಾರಣವಿತ್ತು. ಗಲ್ಫಿನ ಅಲ್ ಮಬೇಲಾದಲ್ಲಿ ಎ.ಸಿ. ಮಾರುವ ಕಂಪನಿಯೊಂದರಲ್ಲಿ ಅವನು ಸ್ಟೋರ್‌ಕೀಪರ್. ಇಬ್ರಿಯಲ್ಲಿ ಹೊಸ ಬ್ರಾಂಚ್ ತೆರೆಯುವ ಸುದ್ದಿ ಬಂದಾಗಿನಿಂದ, ಅಷ್ಟು ದೂರಕ್ಕೆ ತನ್ನನ್ನೇ ಎತ್ತಿಹಾಕುತ್ತಾರೆಂಬ ದಿಗಿಲು. ಕೂತರೆ ಏಳಬೇಕು, ಎದ್ದರೆ ಅಡ್ಡಾಡಬೇಕು! ದಮಯಂತಿಗೆ ವೀಸಾ ಸಿಕ್ಕಿ ಸಂಸಾರ ಹೂಡಿದ್ದೇ ಮೊನ್ನೆ ಮೊನ್ನೆ. ಅದಕ್ಕೇ ಮ್ಯಾನೇಜರ್ ವಿಕ್ಟರ್ ದಂಪತಿಯನ್ನು ಶುಕ್ರವಾರದ ಊಟಕ್ಕೆ ಕರೆದಿದ್ದ.

"ಅವರ ಮನೆಯಲ್ಲಿ ಸ್ಪೇನಿನ ಫುಟ್‌ಬಾಲ್ ಬಿಟ್ರೆ ಬೇರೆ ಮಾತೇ ಇಲ್ಲ ಮಾರಾಯ," ಎಂದು ಗುಟ್ಟು ಹೇಳಿದ ಪಕ್ಕದ ಫ್ಲ್ಯಾಟಿನ ಸ್ಟ್ಯಾನಿಯೇ ಪಾಠ ಹೇಳಲೂ ಕುಳಿತ. "ಇಪ್ಪತ್ತು ತಂಡ ಉಂಟು. ಪ್ರತಿಯೊಬ್ಬರೂ ಉಳಿದವರ ಜೊತೆ ಎರಡೆರಡು ಸಲ ಆಡ್ಬೇಕು. ಒಮ್ಮೆ ತಮ್ಮ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಪಾಯಿಂಟ್ ಜಾಸ್ತಿ ಇದ್ದವನಿಗೆ ಕಪ್. ಪಟ್ಟಿಯ ಕೊನೆಯ ಮೂವರು ಕೆಳಗಿನ ಡಿವಿಜನ್‌ಗೆ."

"ಅಂದ್ರೆ ಅವರಿಗೂ ಇಬ್ರಿಯಾ!" ಕೊಗ್ಗ ಬೆವರಿದ.

ಅಂದಿನಿಂದ ಬಚ್ಚಲಲ್ಲೂ ತಂಡಗಳ ಹೆಸರಿನ ಜಪ: "ವೆಲೆನ್ಸಿಯಾ, ಸೆವಿಯಾ, ಸೆವಿಯಾ..."

"ಸೇಮಿಯಾ ಪಾಯಸವಾ? ಮಾಡುವ, ಅದಕ್ಕೆ ಅಷ್ಟು ಕೂಗುವುದೆಂತಕ್ಕೆ?" ಎಂದಳು ದಮಯಂತಿ ಅಡುಗೆಮನೆಯಿಂದ.

ಶುಕ್ರವಾರ ಬಂತು. ರಿಯಲ್ ಮ್ಯಾಡ್ರಿಡ್ ದೊಡ್ಡ ತಂಡ, ಬಣ್ಣ ಬಿಳಿ ಎಂದು ಕೊಗ್ಗ ಮೇಜಿಗೆ ಬಿಳಿ ಬಟ್ಟೆ ಹಾಸಿ ಬೀಗುತ್ತಿದ್ದಾಗ ಸ್ಟ್ಯಾನಿ ಓಡಿಬಂದ.

"ಕೆಲಸ ಕೆಟ್ಟಿತು! ಅವರದ್ದು ಬಾರ್ಸಿಲೋನಾ ಅಂತೆ! ನೀಲಿ-ಕೆಂಪು! ಮ್ಯಾಡ್ರಿಡ್ ಕಂಡ್ರೆ ಅವರಿಗೆ ಆಗುವುದಿಲ್ಲ!"

ಮಹಾವೀರ ಕೊಗ್ಗ ಎದೆಗುಂದಲಿಲ್ಲ. ಬಟ್ಟೆ ಒಗೆಯುವ ನೀಲಿ ಕಲಸಿದ, ಬೀಟ್‌ರೂಟ್ ಹಿಂಡಿದ, ಮೇಜಿನ ಬಟ್ಟೆಗೆ ಉದ್ದುದ್ದ ಪಟ್ಟೆ ಬಳಿದ. ಒಣಗಿಸಲು ಎ.ಸಿ.ಯ ಎದುರು ಹಿಡಿಯುವಷ್ಟರಲ್ಲಿ ಬೆಲ್ ಆಯಿತು. ಒದ್ದೆಯನ್ನೇ ಹಾಸಿದ!

ಅಚ್ಚ ಬಿಳಿ ಶರ್ಟು ತೊಟ್ಟು ಬಂದಿದ್ದ ವಿಕ್ಟರ್, ಮೀನಿನ ತಟ್ಟೆಗೆಂದು ಮೇಜಿನ ಮೇಲೆ ಬಾಗಿದರು. ನೆಟ್ಟಗಾದಾಗ ಎದೆ, ಹೊಟ್ಟೆ, ತೋಳು, ಎಲ್ಲವೂ ನೀಲಿ-ಕೆಂಪು!

"ಬಾರ್ಸಾ!" ಎಂದು ಚಪ್ಪಾಳೆ ತಟ್ಟಿದವರು ಅವರ ಹೆಂಡತಿ ಇಸಾಬೆಲ್ಲಾ. "ನಮ್ಮ ಟೀಮಿನ ಬಣ್ಣ! ಕೊಗ್ಗ, ನೀವೂ ನಮ್ಮವರೇ!"

ವಿಕ್ಟರ್ ಮುಖ ಬೀಟ್‌ರೂಟಿಗಿಂತ ಕೆಂಪಾಯಿತು. "ಮನೆಯಲ್ಲಿ ಇವಳದ್ದು ಹಗಲಿಡೀ ಇದೇ ಗೋಳು! ಒಂದು ಹೊತ್ತು ನೆಮ್ಮದಿಯಿಂದ ಉಣ್ಣುವ ಅಂತ ಬಂದ್ರೆ, ಇಲ್ಲಿಯೂ ಫುಟ್‌ಬಾಲಾ?"

ಗಂಡನ ಕೆಲಸ ಹೋಯಿತೆಂದೇ ದಮಯಂತಿ ನಡುವೆ ಬಾಯಿ ಹಾಕಿದಳು. "ಇಲ್ಲ ಸಾರ್! ಇವರಿಗೆ ಅದರ ಗಂಧಗಾಳಿ ಇಲ್ಲ. ಎಲ್ಲ ಬಾಯಿಪಾಠ!"

"ನಿಜವಾ?"

"ದೇವರಾಣೆ ಸಾರ್!" ಕೊಗ್ಗ ಕೈಮುಗಿದ. "ಬಾಲ್ ಉರುಟು ಅನ್ನುವುದು ಬಿಟ್ರೆ ನನಗೇನೂ ಗೊತ್ತಿಲ್ಲ. ಇನ್ನು ಜನ್ಮದಲ್ಲಿ ಅದರ ಮಾತು ಎತ್ತುವುದಿಲ್ಲ!"

ವಿಕ್ಟರ್ ಕೊಗ್ಗನನ್ನು ಬಾಚಿ ತಬ್ಬಿಕೊಂಡರು. ಬಣ್ಣ ಅವನ ಎದೆಗೂ ಹತ್ತಿತು.

"ಇಂಥ ಮನುಷ್ಯನನ್ನೇ ಹುಡುಕ್ತಿದ್ದೆ ಮಾರಾಯ! ಇಬ್ರಿಗೆ ನಾನೇ ಹೋಗ್ತಿದ್ದೇನೆ. ರೂಮಿನಲ್ಲಿ ಜೊತೆಗೆ ಫುಟ್‌ಬಾಲ್ ಗೊತ್ತಿಲ್ಲದವನೊಬ್ಬ ಬೇಕಿತ್ತು. ಯಲ್ಲಾ, ನಡಿ, ನಾಳೆಯೇ ಹೊರಡುವ!"

ಕೊಗ್ಗ ಪೆಚ್ಚಾಗಿ ಹೆಂಡತಿಯತ್ತ ನೋಡಿದ. ಇಸಾಬೆಲ್ಲಾ ಆಗಲೇ ಅವಳ ಕೈಹಿಡಿದು ಸಮಾಧಾನ ಹೇಳುತ್ತಿದ್ದರು:

"ಬೇಸರ ಮಾಡ್ಬೇಡ ದಮಯಂತಿ. ಗಂಡಸರು ಹೋಗಲಿ, ನಾವಿಬ್ಬರೂ ಆರಾಮಾಗಿ ಮ್ಯಾಚ್ ನೋಡುವ!"